ಹದಿನಾಲ್ಕು ತಿಂಗಳ ಸುಣ್ಣ

ಕಾರ್ಖಾನೆಯ ಒಳಗೋಡೆಗಳಿಗೆ ಎಣ್ಣೆಬಣ್ಣವನ್ನಾಗಲಿ ತೊಳೆಯಬಲ್ಲ ಬಣ್ಣವನ್ನಾಗಲಿ ಹಚ್ಚದಿರುವ ಪಕ್ಷದಲ್ಲಿ, 14 ತಿಂಗಳಿಗೊಮ್ಮೆಯಾದರೂ ಸುಣ್ಣ ಬಳಿಯತಕ್ಕದ್ದೆಂದೂ, ಬಳಿದ ತಾರೀಖನ್ನು ಅದಕ್ಕೆಂದೇ ಇಟ್ಟ ರಿಜಿಸ್ಟರಿನಲ್ಲಿ ನಮೂದಿಸತಕ್ಕದ್ದೆಂದೂ 1948ರ ಕಾರ್ಖಾನೆಗಳ ಅಧಿನಿಯಮದ 11ನೆಯ ಕಲಮು ವಿಧಿಸಿದ್ದಿತು. ಸ್ವಾತಂತ್ರ್ಯ ಬಂದ ಮರುವರ್ಷದಲ್ಲಿ, ದೇಶದ ಸಂವಿಧಾನವೇ ಇನ್ನೂ ಕರಡಿನ ಸ್ಥಿತಿಯಲ್ಲಿದ್ದ ಕಾಲದಲ್ಲಿ, ಕೂಲಿಯವನು ನಿಂತು ದುಡಿಯುವ ಗೋಡೆಯ ಬಿಳುಪನ್ನು ಕುರಿತು ಅಷ್ಟು ಮನಸ್ಸಿಟ್ಟು ಆಲೋಚಿಸಿದವರಿದ್ದರೆಂಬುದು ನನಗೆ ಇಂದಿಗೂ ಗೌರವದ ಸಂಗತಿ. ವರುಷಕ್ಕೆ ಹನ್ನೆರಡು ತಿಂಗಳಿರುವಾಗ ಹದಿನಾಲ್ಕೆಂದೇಕೆ ಬರೆದರೋ; ಮಳೆಗಾಲವೋ, ಆಳಿನ ಅಭಾವವೋ ಅಡ್ಡ ಬಂದೀತೆಂದು ಎರಡು ತಿಂಗಳ ಸಡಿಲವನ್ನು ಕರುಣೆಯಿಂದ ಕೊಟ್ಟಿರಬೇಕೆಂದು ನಾನು ಭಾವಿಸಿಕೊಂಡಿದ್ದೇನೆ. ನಾನು ಕೆಲಸ ಮಾಡಿದ ಬಣ್ಣದ ಮಿಲ್ಲಿನಲ್ಲಂತೂ ಆ ಸಡಿಲದ ಕೊನೆಯ ದಿನಗಳಲ್ಲಿಯೇ, ಇನ್ಸ್‌ಪೆಕ್ಟರ್ ಸಾಹೇಬರು ಬರುವರೆಂಬ ಸುದ್ದಿ ಹುಟ್ಟಿದ ಮೇಲೆಯೇ, ಸುಣ್ಣದ ಡಬ್ಬಿಗಳು ಒಳಗೆ ಬರುತ್ತಿದ್ದುವು.

ಮಿಲ್ಲಿದ್ದದ್ದು ಸೂರತಿನ ಪಾಂಡೇಸರಾದಲ್ಲಿ. ನಗರದಿಂದ ದಕ್ಷಿಣಕ್ಕೆ, ಉಧನಾ ಸ್ಟೇಷನ್ನನ್ನು ದಾಟಿ ಸಚಿನ್ ಕಡೆಗೆ ಹೊರಟರೆ, 1962ರಲ್ಲಿ ಸ್ಥಾಪಿತವಾದ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ಈ ವಸಾಹತು ತನ್ನ ಹೊಗೆಕೊಳವೆಗಳಿಂದಲೇ ಗುರುತು ಹೇಳುತ್ತದೆ. ಸುತ್ತಲಿನ ಪವರ್‌ಲೂಮುಗಳಲ್ಲಿ ನೇಯ್ದ ಪಾಲಿಯೆಸ್ಟರಿನ ಕೋರಾ ಬಟ್ಟೆಯು ತಾಕಾ ಎನ್ನುವ ಥಾನುಗಳಾಗಿ ಇಲ್ಲಿಗೆ ಬಂದು, ಕುದಿದು, ಬಣ್ಣವುಂಡು, ಅಚ್ಚಿಗೆ ಸಿಕ್ಕಿ, ಕಾದು, ಮಡಿಕೆಯಾಗಿ, ರಿಂಗ್ ರೋಡಿನ ಮಾರುಕಟ್ಟೆಗಳಿಗೆ ಹೋಗುತ್ತದೆ; ಅಲ್ಲಿಂದ ದೇಶದ ಎಲ್ಲ ಪೇಟೆಗಳಿಗೆ. ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಇನ್ನೂರೋ ಮುನ್ನೂರೋ ರೂಪಾಯಿಗೆ ಕೊಂಡ ಹೂವಿನ ಸೀರೆಯ ಹಿಂದೆ ಒಡಿಶಾದ ಗಂಜಾಮಿನವನ, ಖಾನದೇಶದ ನಂದುರಬಾರಿನವನ, ಉತ್ತರ ಪ್ರದೇಶದ ಮೂಡಣ ಜಿಲ್ಲೆಗಳವನ ಹನ್ನೆರಡು ಗಂಟೆಯ ಪಾಳಿಯೊಂದು ನಿಂತಿರುವ ಸಂಭವ ಬಹಳ. ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ನೂಲಿನ ಬಣ್ಣದ ವಾಸನೆಯಲ್ಲಿ ಬೆಳೆದ ನಾನು ಅಲ್ಲಿಗೆ ಡೈಯಿಂಗ್ ಮಾಸ್ಟರನಾಗಿ ಹೋದವನು. ಸಾವಿರ ಕೆಲಸಗಾರರಿಲ್ಲದ ಮಿಲ್ಲಿಗೆ ಪ್ರತ್ಯೇಕ ಸುರಕ್ಷತಾ ಅಧಿಕಾರಿಯನ್ನು ನೇಮಿಸುವ ಕಡ್ಡಾಯವು ಸಾಮಾನ್ಯವಾಗಿ ಇರಲಿಲ್ಲವಾದುದರಿಂದ, ಬಣ್ಣ ಬಲ್ಲವನಿಗೆ ಬೆಂಕಿಯೂ ಗೊತ್ತಿರುತ್ತದೆಂಬ ತರ್ಕದ ಮೇಲೆ ತಪಾಸಣೆಯ ಸಿದ್ಧತೆ ನನ್ನ ಪಾಲಿಗೆ ಬಂದಿತು. ಆ ತರ್ಕ ತಪ್ಪೆಂದು ನಾನು ಹೇಳಲಾರೆ.

ಸಿದ್ಧತೆಯೆಂದರೆ ಏನೆಲ್ಲ! ಮೂಲೆಯಲ್ಲಿ ಕವುಚಿ ಬಿದ್ದ ಕೆಂಪು ಬಕೆಟ್ಟುಗಳಿಗೆ ಮರಳು ತುಂಬುವುದು. ಬೆಂಕಿ ಆರಿಸುವ ಸಿಲಿಂಡರುಗಳನ್ನು ತೂಗಿ, ಮುಳ್ಳು ಹಸಿರಿನಲ್ಲಿದೆಯೇ ಎಂದು ನೋಡಿ, ಚೀಟಿ ಬದಲಿಸುವುದು. 150 ಜನಕ್ಕೊಂದರಂತೆ ಇರಬೇಕಾದ ಪ್ರಥಮಚಿಕಿತ್ಸೆಯ ಪೆಟ್ಟಿಗೆಗಳ ಬೀಗದ ಕೈಯನ್ನು ಹುಡುಕುವುದು. ಬಾಯ್ಲರಿನ ಪ್ರಮಾಣಪತ್ರವನ್ನು ಗಾಜು ಹಾಕಿಸಿ ತೂಗುಹಾಕುವುದು. ಸರಕು ಎತ್ತುವ ಲಿಫ್ಟಿಗೆ ಆರು ತಿಂಗಳಿಗೊಮ್ಮೆ ಆಗಬೇಕಾದ ಪರೀಕ್ಷೆಯ ಕಾಗದ ಯಾವ ಫೈಲಿನಲ್ಲಿ ಅಡಗಿದೆಯೆಂದು ಗುಮಾಸ್ತನೊಡನೆ ಕಪಾಟನ್ನು ಕೆಡವುವುದು. ತಾಕಾಗಳ ಟ್ರಾಲಿಗಳು ಮುಚ್ಚಿಹಾಕಿದ್ದ ಹೊರಬಾಗಿಲನ್ನು ತೆರವು ಮಾಡಿ ನೆಲದ ಮೇಲೆ ಹಳದಿ ಪಟ್ಟೆ ಎಳೆಯುವುದು. ಯುಗಾದಿಗೆ ಅಟ್ಟವನ್ನು ಇಳಿಸಿದಾಗ ಮನೆಯವರೆಲ್ಲ ಮರೆತಿದ್ದ ಪಾತ್ರೆಗಳು ಹೊರಬರುವಂತೆ, ಮಿಲ್ಲಿನ ಸ್ಟೋರಿನಿಂದ ಏನೇನೋ ಹೊರಬರುತ್ತಿದ್ದುವು: ಒಮ್ಮೆಯೂ ತೊಡದ ಕೈಗವಸುಗಳು, ಕಾಗದದ ಸುತ್ತು ಬಿಚ್ಚದ ಕನ್ನಡಕಗಳು, ಯಂತ್ರಗಳಿಂದ ಬಿಚ್ಚಿ ಗೋಡೆಗೊರಗಿಸಿದ ಗಾರ್ಡುಗಳು.

ಇದೆಲ್ಲ ಬರಿಯ ತೋರಿಕೆ, ಇನ್ಸ್‌ಪೆಕ್ಟರರ ಜೀಪು ಗೇಟು ದಾಟಿದ ಮರುಗಳಿಗೆಯಲ್ಲಿ ಮೊದಲಿನಂತೆಯೇ ಆಗುವಂಥದು ಎಂದು ಹೇಳುವವರು ಬಹಳ ಮಂದಿ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಆ ದಿನಗಳಲ್ಲಿ ಏನು ಮಾಡಬೇಕೆಂದು ಯಾರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾವ ಗಾರ್ಡು ಯಾವ ಯಂತ್ರದ್ದೆಂಬುದು ಫಿಟ್ಟರನಿಗೆ ಗೊತ್ತಿತ್ತು. ಯಾವ ತಂತಿಯ ಮೈ ಸುಲಿದಿದೆಯೆಂಬುದು ವೈರ್‌ಮನ್ನನಿಗೆ ಗೊತ್ತಿತ್ತು. ಬಣ್ಣ ಹಾಕುವ ಯಾವ ಜೆಟ್ ಯಂತ್ರದ ಮುಚ್ಚಳದ ಬೀಗವು ಒತ್ತಡವಿಳಿಯುವ ಮೊದಲೇ ಬಿಟ್ಟುಕೊಡುತ್ತದೆಂಬುದು ಅದರ ಮುಂದೆ ನಿಲ್ಲುವವನಿಗೆ ಚೆನ್ನಾಗಿ ಗೊತ್ತಿತ್ತು. ಪಾಲಿಯೆಸ್ಟರು ಬಣ್ಣ ಹೀರುವುದು 130 ಡಿಗ್ರಿಯ ಶಾಖದಲ್ಲಿ, ಎಂದರೆ ನೀರು ಕುದಿಯುವುದಕ್ಕೂ 30 ಡಿಗ್ರಿ ಮೇಲೆ, ಮುಚ್ಚಿದ ಪಾತ್ರೆಯ ಒತ್ತಡದೊಳಗೆ. ಅವಸರದಲ್ಲಿ ಆ ಮುಚ್ಚಳ ತೆರೆದವನ ಎದೆಯ ಮೇಲೆ ಬೀಳುವುದೇನೆಂಬುದನ್ನು ಅರಿಯಲು ಕಾಯಿದೆಯ ಪುಸ್ತಕ ಬೇಕಾಗಿಲ್ಲ. ಎರಡು ದಿನಗಳಲ್ಲಿ ಸರಿಪಡಿಸಲಾದುದೆಲ್ಲವೂ ಅದುವರೆಗೆ ತಿಳಿದೇ ಇದ್ದುದು ಎಂಬ ಅರಿವೇ ತಪಾಸಣೆಯ ಸಿದ್ಧತೆಯಿಂದ ನಾನು ಪಡೆದ ಮುಖ್ಯ ಪಾಠ; ಅದರಿಂದ ಹುಟ್ಟಿದ ಪ್ರಶ್ನೆ, ತಿಳಿದೂ ಏಕೆ ಆಗಿರಲಿಲ್ಲ ಎಂಬುದು. ಸೋಮಾರಿತನ, ಉಡಾಫೆ, ಅವಿದ್ಯೆ ಎಂದು ಕೆಲಸಗಾರನ ಮೇಲೆ ಹೊರಿಸುವ ಉತ್ತರಗಳು ಕಚೇರಿಯ ಕೋಣೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಅವು ಎಷ್ಟು ಪೊಳ್ಳೆಂಬುದನ್ನು ಸ್ಟೆಂಟರಿನ ಗಾರ್ಡೊಂದು ನನಗೆ ತೋರಿಸಿಕೊಟ್ಟಿತು.

ಸ್ಟೆಂಟರೆಂದರೆ ಒದ್ದೆ ಬಟ್ಟೆಯ ಎರಡು ಅಂಚುಗಳನ್ನೂ ಸಾಲುಸೂಜಿಗಳ ಸರಪಳಿಯಲ್ಲಿ ಕಚ್ಚಿ ಹಿಡಿದು, ಬಿಸಿಗಾಳಿಯ ಕೋಣೆಗಳ ಮೂಲಕ ಎಳೆದು, ಪನ್ನವನ್ನು, ಎಂದರೆ ಅಗಲವನ್ನು, ಅಳತೆಗೆ ನಿಲ್ಲಿಸುವ ಉದ್ದನೆಯ ಯಂತ್ರ. ಒಳಗಿನ ಶಾಖ ಸುಮಾರು 180ರಿಂದ 200 ಡಿಗ್ರಿ. ಬಾಯಿಯ ಬಳಿ ಸರಪಳಿಯು ಹಲ್ಲುಚಕ್ರವನ್ನು ಸುತ್ತುವೆಡೆಯಲ್ಲಿ ಕೈಯೋ ಹೆಗಲ ಮೇಲಿನ ಗಮಛಾವೋ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳಲು ಅವಕಾಶವಿರದು. ಅಲ್ಲಿನ ಗಾರ್ಡು ಪ್ರತಿ ತಪಾಸಣೆಗೂ ಕೂಡುತ್ತಿತ್ತು, ಪ್ರತಿ ತಪಾಸಣೆಯ ಮರುದಿನವೂ ಕಳಚುತ್ತಿತ್ತು. ಒಮ್ಮೆ ಆ ಯಂತ್ರದ ಗಂಜಾಮಿನ ಆಪರೇಟರನನ್ನು, ಗದರಿಸುವ ಇಚ್ಛೆಯಿಂದಲ್ಲ, ತಿಳಿಯುವ ಇಚ್ಛೆಯಿಂದಲೇ, ಏಕಪ್ಪಾ ಹೀಗೆ ಎಂದು ಕೇಳಿದೆನು. ಆತನು ಮಾತನಾಡದೆ ಗಾರ್ಡಿನ ಎಂಟು ಬೋಲ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ತೋರಿಸಿ, ಆಮೇಲೆ ಸರಪಳಿಯ ಸಂದಿಯಲ್ಲಿ ಎಣ್ಣೆಯೊಡನೆ ಕಲೆತು ಮೇಣದಂತಾಗಿದ್ದ ನೂಲಿನ ಹಿಂಜನ್ನು ತೋರಿಸಿದನು. “ಮಾಸ್ಟರ್‌ಜೀ, ಇದನ್ನು ಪಾಳಿಗೆ ಮೂರು ಸಲ ತೆಗೆಯಲೇಬೇಕು, ಇಲ್ಲದಿದ್ದರೆ ಅಂಚು ಹರಿಯುತ್ತದೆ. ಅಂಚು ಹರಿದರೆ ನನ್ನ ದುಡ್ಡು ಮುರಿಯುತ್ತಾರೆ. ಎಂಟು ಬೋಲ್ಟು ಬಿಚ್ಚಿ ಎಂಟು ಬೋಲ್ಟು ಬಿಗಿಯುವಷ್ಟು ಹೊತ್ತು ಮಿಷೀನು ನಿಲ್ಲಿಸಲು ನನ್ನನ್ನು ಯಾರು ಬಿಡುತ್ತಾರೆ?” ಎಂದನು.

ಆತನ ಪ್ರಶ್ನೆಗೆ ಕಾಯಿದೆಯ 21ನೆಯ ಕಲಮಿನಲ್ಲಿ ಉತ್ತರವಿರಲಿಲ್ಲ. ಅಪಾಯದ ಭಾಗಕ್ಕೆ ಭದ್ರವಾದ ಬೇಲಿಯಿರತಕ್ಕದ್ದೆಂದು ಹೇಳಿ ಅದು ಸುಮ್ಮನಾಗುತ್ತಿತ್ತು. ಉತ್ತರ ದೊರೆತದ್ದು ಫಿಟ್ಟರನ ಬಳಿ. ಆತನು ಗಾರ್ಡಿನ ಒಂದು ಪಕ್ಕಕ್ಕೆ ತಿರುಗಣೆ ಹಾಕಿ, ಇನ್ನೊಂದು ಪಕ್ಕಕ್ಕೆ ಕೈಯಿಂದ ಎಳೆಯುವ ಚಿಲಕವನ್ನು ಕೂಡಿಸಿ, ಚಿಲಕ ಸರಿದೊಡನೆ ಮೋಟಾರು ತಾನೇ ನಿಲ್ಲುವಂತೆ ಚಿಕ್ಕದೊಂದು ಸ್ವಿಚ್ಚನ್ನು ಅಳವಡಿಸಿದನು. ಆಮೇಲೆ ಅದನ್ನು ಕಳಚಲು ಯಾರಿಗೂ ಕಾರಣವೇ ಉಳಿಯಲಿಲ್ಲ. ವರ್ಷಗಟ್ಟಲೆ ನಮ್ಮ ಮಿಲ್ಲಿನಲ್ಲಿ ಶಿಸ್ತಿನ ಅಭಾವವೆಂದು ಬೈಸಿಕೊಂಡದ್ದು ವಾಸ್ತವವಾಗಿ ತಿರುಗಣೆಯ ಅಭಾವವಾಗಿತ್ತು. ಅದಕ್ಕೂ ಆಳದಲ್ಲಿ, ಬಟ್ಟೆಯ ಅಂಚಿಗೆ ಬೆಲೆ ಕಟ್ಟಿ ಬೆರಳಿಗೆ ಕಟ್ಟದ ಲೆಕ್ಕದ ದೋಷವಾಗಿತ್ತು. ಬಿಚ್ಚಿದ ಗಾರ್ಡನ್ನು ಮರಳಿ ಕೂಡಿಸುವ ಮುನ್ನ ಅದನ್ನು ಬಿಚ್ಚಿದವನ ಕಾರಣವನ್ನು ಕೇಳಬೇಕು. ಸಿದ್ಧತೆಯನ್ನು ಕುರಿತು ನಾನು ಹೇಳಬೇಕಾದುದು ಬಹುಮಟ್ಟಿಗೆ ಇಷ್ಟೇ.

ಅದೇ ಸ್ಟೆಂಟರಿನ ನೆತ್ತಿಯಲ್ಲಿ ಹೊಗೆ ಹೊರಹಾಕುವ ತಗಡಿನ ಕೊಳವೆಯಿರುತ್ತದೆ. ನೂಲಿಗೆ ಸವರಿದ ಎಣ್ಣೆಯು ಶಾಖಕ್ಕೆ ಆವಿಯಾಗಿ ಅಲ್ಲಿಗೇರಿ, ತಣಿದು, ಹಿಂಜಿನ ಧೂಳಿನೊಡನೆ ಒಳಮೈಗೆ ಕಪ್ಪಾಗಿ ಮೆತ್ತಿಕೊಳ್ಳುತ್ತದೆ. ಕಿಡಿಯೊಂದು ತಗುಲಿದರೆ ಕೊಳವೆಯುದ್ದಕ್ಕೂ ಉರಿ ಓಡುತ್ತದೆ. ಯಂತ್ರವನ್ನು ಕಾಯಿಸುವುದೂ ಕೊಳವೆಗಳಲ್ಲಿ ಹರಿಯುವ ಕಾದ ಎಣ್ಣೆಯೇ ಆಗಿರುವುದರಿಂದ ಬೆಂಕಿಗೆ ಮುಂದಿನ ಆಹಾರ ಸಿದ್ಧವಾಗಿಯೇ ಇರುತ್ತದೆ. ಗೋಡೆಯ ಬಿಳುಪನ್ನು ಬಂದವರೆಲ್ಲ ಕಾಣುವರು. ಕೊಳವೆಯ ಒಳಮೈಯನ್ನು ಕಾಣಬೇಕಾದರೆ ಏಣಿ ಹತ್ತಿ ಮುಚ್ಚಳ ತೆಗೆಯಬೇಕು. ದೀಪಾವಳಿಯ ರಜೆಯಲ್ಲಿ, ಕೆಲಸಗಾರರು ರೈಲು ಹತ್ತಿ ಊರಿಗೆ ಹೋಗಿ ಬಾಯ್ಲರುಗಳು ತಣಿದಾಗ, ಆ ಕೊಳವೆಗಳನ್ನು ಕೆರೆಸುವ ಪದ್ಧತಿಯಿತ್ತು. ಆದರೆ ಕೊಳೆ ಅತ್ಯಧಿಕವಾಗುವುದು ದೀಪಾವಳಿಗೆ ಮುಂಚಿನ, ಹಗಲಿರುಳೂ ಸೀರೆ ಓಡುವ ವಾರಗಳಲ್ಲಿ. ರಜೆಯ ಕೆರೆತವು ಆ ವಾರಗಳನ್ನು ಕಾಯಲಾರದು.

ಹೈಡ್ರೋಸಿನ ವಿಷಯಕ್ಕೆ ಬಂದರೆ ನನಗೆ ತವರಿನ ನೆನಪು ಬರುತ್ತದೆ. ಪಾಲಿಯೆಸ್ಟರಿನ ಮೇಲೆ ಹೆಚ್ಚಾಗಿ ಕುಳಿತ ಬಣ್ಣವನ್ನು ತೊಳೆದು ತೆಗೆಯಲು ಕಾಸ್ಟಿಕ್ ಸೋಡಾದೊಡನೆ ಬಳಸುವ ಈ ಬಿಳಿಯ ಪುಡಿಯನ್ನೇ ನಮ್ಮ ಊರಿನಲ್ಲಿ ಹತ್ತಿಯ ನೂಲಿಗೆ ವ್ಯಾಟ್ ಬಣ್ಣ ಕಟ್ಟುವಾಗಲೂ ಬಳಸುತ್ತಿದ್ದರು. ನನ್ನ ತಂದೆಯವರಿಗೆ ಅದರ ರಾಸಾಯನಿಕ ನಾಮವೇ ಗೊತ್ತಿರಲಿಲ್ಲ. ಆದರೂ ಡಬ್ಬಿಯನ್ನು ಅವರು ಬಚ್ಚಲಿನಿಂದ ದೂರ, ನೆಲದಿಂದ ಮೇಲೆ, ಒಣ ಹಲಗೆಯ ಮೇಲಿಡುತ್ತಿದ್ದರು. ಒದ್ದೆ ಕೈಯಿಂದ ಮುಟ್ಟಿದ ಮಕ್ಕಳಿಗೆ ಪೆಟ್ಟು ಬೀಳುತ್ತಿತ್ತು. ಸ್ವಲ್ಪ ತೇವ ತಾಗಿದರೂ ಅದು ಒಳಗೊಳಗೇ ಕಾದು, ಗಂಟಲು ಕಟ್ಟುವ ಗಂಧಕದ ಹೊಗೆ ಬಿಟ್ಟು, ತಾನಾಗಿ ಹೊತ್ತಿಕೊಳ್ಳುವುದೆಂಬುದು ಅವರ ಕೈ ಬಲ್ಲ ವಿದ್ಯೆ. ಸೂರತಿನ ಮಳೆಗಾಲದಲ್ಲಿ ನೆಲವೇ ಬೆವರುವಾಗ, ಹೈಡ್ರೋಸಿನ ಡ್ರಮ್ಮುಗಳು ಆಮ್ಲದ ಕಾರ್ಬಾಯ್‌ಗಳ ಪಕ್ಕದಲ್ಲಿ ಬರಿನೆಲದ ಮೇಲೆ ನಿಂತಿರುವುದನ್ನು ಕಂಡಾಗಲೆಲ್ಲ ನನಗೆ ತಂದೆಯವರ ಹಲಗೆಯ ನೆನಪಾಗುತ್ತಿತ್ತು. ಅವುಗಳನ್ನು ಬೇರೆ ಕೋಣೆಗೆ ಸಾಗಿಸಿ ಮರದ ಅಡ್ಡೆಗಳ ಮೇಲೆ ನಿಲ್ಲಿಸಿದ ದಿನ, ಡ್ರಮ್ಮುರುಳಿಸುವ ಹುಡುಗರಿಗೆ ಅದರ ಕಾರಣವನ್ನು, ಪುಡಿಯ ಚಿಟಿಕೆಯೊಂದಕ್ಕೆ ಬಯಲಿನಲ್ಲಿ ಒಂದೆರಡು ತೊಟ್ಟು ನೀರು ಹಾಕಿ ದೂರದಿಂದ ತೋರಿಸಿದೆನು. ಮುಂದೆ ಆ ಕೋಣೆಯ ಬಾಗಿಲ ಬಳಿ ಬಕೆಟ್ಟು ತೊಳೆಯುವವರನ್ನು ಆ ಹುಡುಗರೇ ಓಡಿಸತೊಡಗಿದರು.

ಸೂಚನಾಫಲಕಗಳ ವಿಚಾರವನ್ನೂ ಹೇಳಬೇಕು. ಕುಡಿಯುವ ನೀರಿನ ಜಾಗದ ಮೇಲೆ ‘ಕುಡಿಯುವ ನೀರು’ ಎಂದು ಹೆಚ್ಚಿನ ಕೆಲಸಗಾರರು ಅರಿತ ಭಾಷೆಯಲ್ಲಿ ಬರೆದಿರತಕ್ಕದ್ದೆಂದೂ, ಬಚ್ಚಲು ಶೌಚಗಳಿಂದ ಅದು ಆರು ಮೀಟರು ದೂರವಿರತಕ್ಕದ್ದೆಂದೂ 18ನೆಯ ಕಲಮು ಹೇಳಿದ್ದಿತು. ಅಧಿನಿಯಮದ ಸಾರಾಂಶವನ್ನು ತೂಗುಹಾಕುವುದಕ್ಕೂ ಭಾಷೆಯ ಇಂತಹುದೇ ನಿಯಮವಿತ್ತು. ಆದರೆ ಒಡಿಯಾ, ಭೋಜಪುರಿ, ಅಹಿರಾಣಿ, ಗುಜರಾತಿಗಳು ಒಂದೇ ಪಾಳಿಯಲ್ಲಿ ಕಲೆಯುವೆಡೆಯಲ್ಲಿ ಹೆಚ್ಚಿನವರ ಭಾಷೆ ಯಾವುದೆಂದು ನಿರ್ಣಯಿಸುವುದು ಕಠಿನ. ಅಕ್ಷರ ಬಾರದವನಿಗೆ ಯಾವ ಲಿಪಿಯಾದರೂ ಒಂದೇ. ನಾವು ಕಂಡುಕೊಂಡ ದಾರಿಯೆಂದರೆ ಪ್ರತಿ ಊರಿನವರಲ್ಲಿಯೂ ಒಬ್ಬ ಹಿರಿಯನನ್ನು ಆರಿಸಿ, ಪಾಳಿ ಬದಲಾಗುವ ಹೊತ್ತಿನಲ್ಲಿ ಆತನಿಂದ ಬಾಯಿಮಾತಿನಲ್ಲಿಯೇ ಹೇಳಿಸುವುದು. ಫಲಕವನ್ನು ನೋಡಿ ಸಾಹೇಬರು ತೃಪ್ತರಾಗಬಹುದು. ಗಂಜಾಮಿನ ಹುಡುಗ ನಂಬುವುದು ಗಂಜಾಮಿನ ಅಣ್ಣನನ್ನು.

ಎಲ್ಲಕ್ಕಿಂತಲೂ ನನ್ನನ್ನು ಕಾಡಿದ್ದು ಹೊಲಸು ನೀರಿನ ಗುಂಡಿ. ಬಣ್ಣದ ನೀರು ಶುದ್ಧೀಕರಣಕ್ಕೆ ಹೋಗುವ ಮುನ್ನ ನಿಲ್ಲುವ ತೊಟ್ಟಿಯ ತಳದಲ್ಲಿ ಕೆಸರು ಕೂಡುತ್ತದೆ; ಗಾಳಿಯಾಡದ ಆ ಕೆಸರಿನಲ್ಲಿ ಗಂಧಕದ ಲವಣಗಳನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡನ್ನು ಹುಟ್ಟಿಸುತ್ತವೆ. ಅಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲವು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ, ವಾಸನೆ ನಿಂತಿತೆಂದು ಧೈರ್ಯಗೊಂಡು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದ ಗೆಳೆಯನೂ ಬರುವುದಿಲ್ಲ. 36ನೆಯ ಕಲಮನ್ನು ಬರೆದವರು ಇದನ್ನು ಕಣ್ಣಾರೆ ಕಂಡವರಿರಬೇಕು. ಒಳಗೆ ಅನಿಲವಿಲ್ಲವೆಂದು ಅರ್ಹನಾದವನು ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡಬೇಕಾಗಿತ್ತು. ಇಲ್ಲವಾದರೆ ಇಳಿಯುವವನು ಉಸಿರಾಟದ ಉಪಕರಣ ತೊಟ್ಟು, ನಡುಪಟ್ಟಿಗೆ ಹಗ್ಗ ಕಟ್ಟಿಕೊಳ್ಳಬೇಕಾಗಿತ್ತು, ಹಗ್ಗದ ತುದಿಯನ್ನು ಹೊರಗಿನವನೊಬ್ಬನು ಹಿಡಿದಿರಬೇಕಾಗಿತ್ತು. ಕಾಯಿದೆಯ ಒಣ ಭಾಷೆಯ ನಡುವೆ ಹಗ್ಗ ಹಿಡಿದು ನಿಂತ ಆ ಇನ್ನೊಬ್ಬ ಮನುಷ್ಯನನ್ನು ಓದಿದಾಗಲೆಲ್ಲ ನನ್ನ ಕಣ್ಣು ಆ ಸಾಲಿನ ಮೇಲೆ ನಿಲ್ಲುತ್ತದೆ.

2022ರ ಜನವರಿ 6ರ ನಸುಕಿನಲ್ಲಿ, ನಮ್ಮಿಂದ ತುಸುವೇ ದಕ್ಷಿಣದ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ, ಟ್ಯಾಂಕರೊಂದರಿಂದ ಕದ್ದು ಚರಂಡಿಗೆ ಬಿಟ್ಟ ರಾಸಾಯನಿಕ ತ್ಯಾಜ್ಯದಿಂದೆದ್ದ ವಿಷದ ಗಾಳಿಯು ಸಮೀಪದ ಬಣ್ಣದ ಮಿಲ್ಲಿನತ್ತ ಹರಿದು ಆರು ಮಂದಿಯ ಪ್ರಾಣ ತೆಗೆದುಕೊಂಡಿತು. ಅವರು ಯಾವ ಯಂತ್ರದ ಹಲ್ಲಿಗೂ ಸಿಕ್ಕಿದವರಲ್ಲ, ಯಾವ ಗುಂಡಿಗೂ ಇಳಿದವರಲ್ಲ. ಮಿಲ್ಲಿನ ನಾಲ್ಕು ಗೋಡೆಗಳೊಳಗೆ ನಾವು ಎಷ್ಟೇ ಅಣಿ ಮಾಡಿಕೊಂಡರೂ ಗೋಡೆಯಾಚೆಯ ಚರಂಡಿಯನ್ನು ಕಾಯುವವರು ಬೇರೆಯೇ ಬೇಕೆಂಬುದನ್ನು ಆ ದಿನ ಪಾಂಡೇಸರಾದ ಪ್ರತಿಯೊಂದು ಚಹದ ಗಾಡಿಯ ಬಳಿಯೂ ಜನರು ಆಡಿಕೊಂಡರು. ಆ ಕೆಲಸಕ್ಕೆ ಸರಕಾರಕ್ಕಲ್ಲದೆ ಮತ್ತಾರಿಗೂ ಅಧಿಕಾರವಿಲ್ಲ.

ಅದಕ್ಕಾಗಿಯೇ ಪರಿವೀಕ್ಷಕನೆಂಬ ಅಧಿಕಾರಿಯನ್ನು ಹಗುರವಾಗಿ ಕಾಣುವವರೊಡನೆ ನಾನು ಸೇರಲಾರೆ. ಇಂಗ್ಲೆಂಡಿನಲ್ಲಿ 1833ರ ಕಾಯಿದೆಯು ದೇಶಕ್ಕೆಲ್ಲ ನಾಲ್ವರು ಪರಿವೀಕ್ಷಕರನ್ನು ನೇಮಿಸಿದ ಮೇಲೆಯೇ ಮಕ್ಕಳ ದುಡಿಮೆಯ ನಿಯಮಗಳು ಕಾಗದದಿಂದ ಇಳಿದು ಮಿಲ್ಲಿನ ಬಾಗಿಲಿಗೆ ಬಂದುವು. ನಮ್ಮಲ್ಲಿ 1881ರ ಮೊದಲ ಕಾಯಿದೆಯು ಏಳು ವರುಷದೊಳಗಿನ ಮಕ್ಕಳನ್ನು ಕಾರ್ಖಾನೆಗೆ ಸೇರಿಸಬಾರದೆಂದು ನಿಷೇಧಿಸಿತು. ನಿಷೇಧಿಸಬೇಕಾಯಿತೆಂಬುದನ್ನು ಓದುವಾಗ ಮನಸ್ಸು ಕುಗ್ಗುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತವಾದ ಮೇಲೆ, 1987ರ ತಿದ್ದುಪಡಿಯು ಅಪಾಯಕಾರಿ ಪ್ರಕ್ರಿಯೆಗಳನ್ನು ಕುರಿತ ಹೊಸ ಅಧ್ಯಾಯವನ್ನೇ ಸೇರಿಸಿ, ಅಂತಹ ಕಾರ್ಖಾನೆಗಳಲ್ಲಿ ಆಡಳಿತದವರೂ ಕೆಲಸಗಾರರೂ ಸಮಸಂಖ್ಯೆಯಲ್ಲಿ ಕೂಡುವ ಸುರಕ್ಷತಾ ಸಮಿತಿಯನ್ನು ವಿಧಿಸಿ, ಸನ್ನಿಹಿತವಾದ ಅಪಾಯವನ್ನು ಎತ್ತಿ ಹೇಳುವ ಹಕ್ಕನ್ನೂ ಕೆಲಸಗಾರನಿಗೆ ಕೊಟ್ಟಿತು. ಕೆಲಸಗಾರರ ಸುರಕ್ಷತೆಯನ್ನು ಕುರಿತು 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯಾದರೋ ಪರಿವೀಕ್ಷಕನು ತಪ್ಪು ಹಿಡಿಯುವುದರ ಜೊತೆಗೆ ದಾರಿ ತೋರುವವನೂ ಆಗಬೇಕೆಂದು ಬಯಸಿ, ಯಾವ ಕಾರ್ಖಾನೆಗೆ ಯಾರು ಹೋಗಬೇಕೆಂಬುದನ್ನು ಗಣಕಯಂತ್ರದ ಆಯ್ಕೆಗೆ ಬಿಡುವ ಏರ್ಪಾಟಿಗೂ ಎಡೆಮಾಡಿದೆ. ದಾರಿ ತೋರುವವರು ಬರಲಿ. ಆದರೆ ಹೇಳದೆ ಕೇಳದೆ ಬಂದು ಮುಚ್ಚಳ ತೆಗೆಸಿ ನೋಡುವ ಹಳೆಯ ಅಧಿಕಾರವೂ ಮೊಂಡಾಗದೆ ಉಳಿಯಲಿ ಎಂದು ಮಿಲ್ಲಿನ ನೆಲದ ಮೇಲೆ ನಿಂತು ಹೇಳುವವನು ನಾನು.

ನಾನು ಕಂಡ ಪರಿವೀಕ್ಷಕರಲ್ಲಿ ಒಬ್ಬರು ರಿಜಿಸ್ಟರುಗಳನ್ನು ಮುಟ್ಟುವ ಮೊದಲೇ ಸ್ಟೆಂಟರಿನ ಬಳಿಗೆ ಹೋಗಿ, ಚಿಲಕ ಎಳೆದು ಯಂತ್ರ ನಿಂತುದನ್ನು ನೋಡಿ, ಇದನ್ನು ಮಾಡಿದವರು ಯಾರೆಂದು ಕೇಳಿದರು. ಫಿಟ್ಟರನನ್ನೂ ಆಪರೇಟರನನ್ನೂ ಮುಂದಕ್ಕೆ ಕರೆಸಿ ಮಾತನಾಡಿಸಿದರು. ಬಳಿಕ ಗುಂಡಿಯ ಬಳಿ ಬಂದು ಅನಿಲ ಅಳೆಯುವ ಮೀಟರನ್ನೂ ಹಗ್ಗವನ್ನೂ ಕಂಡು, “ರಾತ್ರಿ ಪಾಳಿಯಲ್ಲಿ ಪಂಪು ಕಟ್ಟಿಕೊಂಡರೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು?” ಎಂದು ಪ್ರಶ್ನಿಸಿದರು. ಯಾರೂ ಇರಲಿಲ್ಲ, ಸಹಿಯ ಅಧಿಕಾರವುಳ್ಳವರೆಲ್ಲ ಸಂಜೆಯೇ ಮನೆಗೆ ಹೋಗುವವರು. ಹಾಗಾದರೆ ರಾತ್ರಿ ಆ ಗುಂಡಿಗೆ ಯಾರೂ ಇಳಿಯಕೂಡದೆಂದು ಅವರು ಬರೆಸಿದರು. ಪಂಪು ನಿಂತರೆ ನೀರು ತುಂಬಿ ಜೆಟ್ಟುಗಳನ್ನೆಲ್ಲ ನಿಲ್ಲಿಸಬೇಕಾಗುವುದರಿಂದ ಒಂದು ರಾತ್ರಿಯ ನಷ್ಟ ಎಷ್ಟೆಂಬುದನ್ನು ಮಿಲ್ಲಿನ ಮಾಲೀಕರಾದ ಶೇಠರು ಮರುದಿನ ನನಗೆ ಲೆಕ್ಕ ಹಾಕಿ ತೋರಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಗುಂಡಿಗೆ ಇನ್ನೊಂದು ಪಂಪನ್ನು ಕೂಡಿಸಿದರೆ ಅದರ ಖರ್ಚು ಎಷ್ಟು ರಾತ್ರಿಗಳ ನಷ್ಟಕ್ಕೆ ಸಮವಾಗುವುದೆಂದು ನಾನೂ ಒಂದು ಕಾಗದದ ಮೇಲೆ ಬರೆದುಕೊಟ್ಟೆನು. ಪಂಪು ಬರುವವರೆಗೆ ರಾತ್ರಿ ಗುಂಡಿಯ ಮುಚ್ಚಳಕ್ಕೆ ಬೀಗ ಹಾಕಿ ಅದರ ಕೈಯನ್ನು ನಾನೇ ಮನೆಗೆ ಒಯ್ಯುವೆನೆಂದು ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, ಆಗಲಿ, ಎರಡು ಪಂಪಿನ ಅಂಗಡಿಗಳಿಂದ ದರ ತರಿಸಿ ಎಂದರು.